ಕೆಂಟ್ ಸ್ಟೇಟ್ ಪಟ್ಟಿ ಓದಿದ್ದು: ನನ್ನ ನಾಲ್ಕನೇ ಸೀಸನ್

ವಿಡಿಯೋ ಗೇಮ್‌ನಲ್ಲಿ ನನ್ನ ಕಾಲೇಜು ತಂಡದ ಪಟ್ಟಿ ತೆರೆದರೆ ಪರದೆ ಮೇಲೆ 89 ಹೆಸರುಗಳಿದ್ದವು. 85 ಆಗುವವರೆಗೆ ಸೀಸನ್ ಶುರುವಾಗುವುದಿಲ್ಲ. ಅಂದರೆ ನಾಲ್ವರನ್ನು ಮನೆಗೆ ಕಳಿಸಬೇಕು, ಅದೂ ರಾತ್ರಿ ಹತ್ತರೊಳಗೆ. ಹತ್ತಾಯಿತೆಂದರೆ ನ್ಯೂಜೆರ್ಸಿಯಲ್ಲಿ ಕೂತ ನನ್ನ ಭಾವ ಒಂದು ಬಟನ್ ಒತ್ತಿ ಇಡೀ ಲೀಗನ್ನು ಮೊದಲ ವಾರಕ್ಕೆ ತಳ್ಳಿಬಿಡುತ್ತಾರೆ. ಅವರೇ ಲೀಗ್ ನಡೆಸುವ ನಮ್ಮ ಕಮಿಷನರ್. ಅಕ್ಕನ ಗಂಡ ಬೇರೆ, ಹೆಚ್ಚು ಜಗಳ ಆಡುವ ಹಾಗೂ ಇಲ್ಲ.

ಆಟ ಇಎ ಸ್ಪೋರ್ಟ್ಸ್‌ನವರ ಕಾಲೇಜ್ ಫುಟ್‌ಬಾಲ್ 25. ಫುಟ್‌ಬಾಲ್ ಅಂದರೆ ಇಲ್ಲಿ ಒದೆಯುವ ಆಟವಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ಓಡುವ ಅಮೆರಿಕದ ಆಟ. ಇದರ ಹಿಂದಿನ ಆವೃತ್ತಿ ಬಂದಿದ್ದು 2013ರ ಜುಲೈಯಲ್ಲಿ. ನಮ್ಮ ಹೆಸರು, ಚಹರೆ ಇಟ್ಟುಕೊಂಡು ದುಡ್ಡು ಮಾಡುತ್ತೀರಿ, ನಮಗೇನು ಸಿಕ್ಕಿತು ಎಂದು ಯುಸಿಎಲ್‌ಎ ವಿಶ್ವವಿದ್ಯಾಲಯದ ಹಳೆಯ ಬ್ಯಾಸ್ಕೆಟ್‌ಬಾಲ್ ಆಟಗಾರ ಎಡ್ ಒಬ್ಯಾನನ್ 2009ರಲ್ಲೇ ಕೋರ್ಟಿಗೆ ಹೋಗಿದ್ದರು. ಆ ವ್ಯಾಜ್ಯದ ಬಿಸಿಗೆ ಆಟ ನಿಂತೇಹೋಯಿತು. 2021ರ ಜುಲೈ 1ರಿಂದ ಕಾಲೇಜು ಆಟಗಾರರು ತಮ್ಮ ಹೆಸರಿನಿಂದ ಸಂಪಾದಿಸಬಹುದು ಎಂದಾದ ಮೇಲೆ ದಾರಿ ತೆರೆಯಿತು. 2024ರ ಜುಲೈ 19ಕ್ಕೆ 134 ತಂಡಗಳೊಂದಿಗೆ ಆಟ ವಾಪಸ್ ಬಂತು. ಒಪ್ಪಿಗೆ ಕೊಟ್ಟ ಪ್ರತಿ ಆಟಗಾರನಿಗೂ 600 ಡಾಲರ್, ಜೊತೆಗೆ ಆಟದ ಒಂದು ಪ್ರತಿ.

ಅದರಲ್ಲಿ ಡೈನಾಸ್ಟಿ ಎಂಬ ವಿಭಾಗವಿದೆ. ಒಂದು ಕಾಲೇಜಿನ ಕೋಚ್ ಆಗಿ ವರ್ಷದಿಂದ ವರ್ಷಕ್ಕೆ ತಂಡ ಕಟ್ಟುತ್ತಾ ಹೋಗುವುದು. ಆನ್‌ಲೈನಿನಲ್ಲಿ 32 ಜನರವರೆಗೆ ಸೇರಬಹುದು, ನಾವಿರುವುದು ಮೂವರೇ. ಭಾವನದು ರಟ್ಗರ್ಸ್. 1869ರ ನವೆಂಬರ್ 6ರಂದು ಪ್ರಿನ್ಸ್‌ಟನ್ ಜೊತೆ ಮೊಟ್ಟಮೊದಲ ಕಾಲೇಜು ಪಂದ್ಯ ಆಡಿ ಗೆದ್ದದ್ದು ತಮ್ಮ ತಂಡ ಎಂದು ಅವರು ವಾರಕ್ಕೊಮ್ಮೆಯಾದರೂ ನೆನಪಿಸುತ್ತಾರೆ. ಟೆಕ್ಸಸ್‌ನ ಡೆಂಟನ್‌ನಲ್ಲಿರುವ ಶಿವಮೊಗ್ಗದ ಗೆಳೆಯನದು ನಾರ್ತ್ ಟೆಕ್ಸಸ್. ನಾನು ಓಹಾಯೋದಲ್ಲಿ ಎಂಎಸ್ ಮಾಡಿದ ಊರಿನ ಮೋಹಕ್ಕೆ ಬಿದ್ದು ಕೆಂಟ್ ಸ್ಟೇಟ್ ತೆಗೆದುಕೊಂಡೆ.

ಮೋಹ ಎಂದೆ, ಯಾಕೆಂದರೆ ಬುದ್ಧಿ ಇದ್ದವರು ತೆಗೆದುಕೊಳ್ಳುವ ತಂಡ ಅದಲ್ಲ. ನಿಜ ಜೀವನದಲ್ಲಿ 2023ರಲ್ಲಿ 12 ಪಂದ್ಯಕ್ಕೆ ಒಂದು ಗೆಲುವು, 2024ರಲ್ಲಿ ಅದೂ ಇಲ್ಲ. ಆ ವರ್ಷ ಟೆನೆಸಿ ಎದುರು 71–0, ಮುಂದಿನ ವಾರವೇ ಪೆನ್ ಸ್ಟೇಟ್ ಎದುರು 56–0. ಮಿಡ್-ಅಮೆರಿಕನ್ ಕಾನ್ಫರೆನ್ಸ್ (ತಂಡ ಆಡುವ ಗುಂಪು) ಪಟ್ಟ ಗೆದ್ದದ್ದು ಒಂದೇ ಸಲ, 1972ರಲ್ಲಿ. ನವೆಂಬರಿನ ಮಂಗಳವಾರ ರಾತ್ರಿ, ಟಿವಿಯವರಿಗಾಗಿ ನಡೆಯುವ ಪಂದ್ಯವೊಂದಕ್ಕೆ ಡಿಕ್ಸ್ ಸ್ಟೇಡಿಯಮ್‌ಗೆ ಹೋಗಿದ್ದೆ. ಎರಡು ಸ್ವೆಟರ್ ಹಾಕಿಕೊಂಡರೂ ನಡುಕ ನಿಲ್ಲಲಿಲ್ಲ. ಸುತ್ತಲಿನ ಸೀಟುಗಳಲ್ಲಿ ಜನರಿಗಿಂತ ಗಾಳಿಯೇ ಜಾಸ್ತಿ ಕೂತಿತ್ತು. ಅಂಥ ತಂಡದ ಮೇಲೆ ಪ್ರೀತಿ ಹುಟ್ಟಿದರೆ ಬಿಡುವುದು ಕಷ್ಟ.

ಪ್ರತಿ ಸೀಸನ್‌ಗೆ ಮುಂಚೆ ಮೂವರೂ ನಮ್ಮ ನಮ್ಮ ತಂಡದ ಮುನ್ನೋಟ ಬರೆದು ಕಾಲ್‌ನಲ್ಲಿ ಓದಬೇಕು ಎಂಬುದು ನಮ್ಮ ನಿಯಮ. ಯಾರಿದ್ದಾರೆ, ಯಾರು ಹೋದರು, ಎಷ್ಟು ಗೆಲ್ಲುತ್ತೀರಿ. ತಪ್ಪಾದರೆ ಸೀಸನ್ ಮುಗಿದ ಮೇಲೆ ಅದನ್ನೇ ಓದಿ ನಗುತ್ತಾರೆ. ನನ್ನ ಎರಡನೇ ಸೀಸನ್ನಿನ ಮುನ್ನೋಟವನ್ನು ಈಗಲೂ ಓದುತ್ತಾರೆ. "ನಮ್ಮ ಆಫೆನ್ಸಿವ್ ಲೈನ್ ಕಲ್ಲುಗೋಡೆ" ಎಂದು ಬರೆದಿದ್ದೆ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಐವರ ಸಾಲು ಅದು. ಸುಳ್ಳೇನಲ್ಲ, ಆ ವರ್ಷ ಗೋಡೆ ನಿಂತಿತ್ತು. ನಾನು ನೋಡದೇ ಬಿಟ್ಟದ್ದು, ಐವರಲ್ಲಿ ಐವರೂ ಸೀನಿಯರ್‌ಗಳು ಎಂಬುದನ್ನು. ಮರುವರ್ಷ ಐವರೂ ಪದವಿ ಮುಗಿಸಿ ಹೋದರು. ಮೂರನೇ ಸೀಸನ್ನಿನ ಮೊದಲ ಪಂದ್ಯದಲ್ಲೇ ನನ್ನ ಕ್ವಾರ್ಟರ್‌ಬ್ಯಾಕ್‌ನನ್ನು ಒಂಬತ್ತು ಸಲ ನೆಲಕ್ಕೆ ಕೆಡವಿದರು. ಭಾವ ಫೋನ್ ಮಾಡಿ, "ಗೋಡೆ ಎಲ್ಲಿ ಹೋಯ್ತೋ? ಬಾಡಿಗೆಗೆ ತಂದಿದ್ಯಾ?" ಎಂದರು.

ಅಂದಿನಿಂದ ಪಟ್ಟಿ ಓದುವ ಕ್ರಮವನ್ನೇ ಬದಲಿಸಿದೆ. ಆಟ ತೋರಿಸುವುದು ಓವರಾಲ್ ಅಂಕದ ಪ್ರಕಾರ, ದೊಡ್ಡದು ಮೇಲೆ, ಚಿಕ್ಕದು ಕೆಳಗೆ. ನಾನು ಅದನ್ನು ನೋಡುವ ಮೊದಲೇ ಊರಿಂದ ತಂದ ಲೆಕ್ಕದ ಪುಸ್ತಕ ತೆಗೆದು ನಾಲ್ಕು ಕಾಲಂ ಹೊಡೆಯುತ್ತೇನೆ: ಫ್ರೆಶ್‌ಮನ್, ಸೋಫೊಮೋರ್, ಜೂನಿಯರ್, ಸೀನಿಯರ್, ಅಂದರೆ ಮೊದಲ ವರ್ಷದವರಿಂದ ಕೊನೆಯ ವರ್ಷದವರವರೆಗೆ. ಪ್ರತಿ ಸ್ಥಾನಕ್ಕೆ ಒಂದು ಸಾಲು. ಮೊದಲು ಬರೀ ತಲೆ ಎಣಿಕೆ, ಅಂಕ ಬರೆಯುವುದಿಲ್ಲ. ಸೀನಿಯರ್ ಕಾಲಂ ತುಂಬಿ ಫ್ರೆಶ್‌ಮನ್ ಕಾಲಂ ಖಾಲಿ ಇದ್ದರೆ ಅದು ಈ ವರ್ಷದ ಹಬ್ಬ, ಮುಂದಿನ ವರ್ಷದ ಉಪವಾಸ.

ಪಟ್ಟಿಯಲ್ಲಿ ಕೆಲವರು ರೆಡ್‌ಶರ್ಟ್, ನಮ್ಮ ಮೂವರ ಭಾಷೆಯಲ್ಲಿ ಕೆಂಪಂಗಿ. ಹುಡುಗನಿಗೆ ಆಡಲು ಸಿಗುವುದು ನಾಲ್ಕು ವರ್ಷ. ಒಂದು ವರ್ಷ ಅವನನ್ನು ಕೂರಿಸಿದರೆ ಆ ವರ್ಷ ಲೆಕ್ಕಕ್ಕಿಲ್ಲ. ಅಷ್ಟರಲ್ಲೂ ನಾಲ್ಕು ಪಂದ್ಯದವರೆಗೆ ಆಡಿಸಬಹುದು, ನಿಜವಾದ ನಿಯಮವೂ 2018ರಲ್ಲಿ ಹೀಗೆಯೇ ಆಯಿತು. ಐದನೆಯದರಲ್ಲಿ ಕಾಲಿಟ್ಟನೋ, ಅಂಗಿ ಹರಿಯಿತು. ಕಳೆದ ವರ್ಷ ಲೈನ್‌ನಲ್ಲಿ ಆಡುವ ಒಬ್ಬ ಒಳ್ಳೆಯ ಗಾರ್ಡ್‌ನ ಒಂದು ವರ್ಷವನ್ನು ಹೀಗೇ ಕಳೆದುಕೊಂಡೆ. ಗೆದ್ದಾಗಿದ್ದ ಪಂದ್ಯದ ಕೊನೆಯಲ್ಲಿ ಬದಲಿಗಳು ತಾವಾಗಿಯೇ ಮೈದಾನಕ್ಕಿಳಿದರು, ನಾನು ಕಾಫಿ ತರಲು ಎದ್ದಿದ್ದೆ. ಅದು ಅವನ ಐದನೇ ಪಂದ್ಯ.

ತಲೆ ಎಣಿಸಿದ ಮೇಲೆ ಅಂಕ. ಇಲ್ಲೇ ನನಗೂ ಭಾವನಿಗೂ ಭಿನ್ನಾಭಿಪ್ರಾಯ. ಅವರು ಓವರಾಲ್ ನಂಬುತ್ತಾರೆ. ನನ್ನ ವಾದ ಬೇರೆ: ಮೈದಾನದಲ್ಲಿರುವ 11 ಜನರಲ್ಲಿ ನನ್ನ ಕೈಲಿ ಒಂದು ಸಲಕ್ಕೆ ಒಬ್ಬ, ಮಿಕ್ಕ ಹತ್ತು ಜನ ಯಂತ್ರದ ಕೈಲಿ. ಓವರಾಲ್ ಎಂಬುದು ವೇಗ, ಬಲ, ತೋಳಿನ ಕಸುವು, ಅರಿವು ಎಲ್ಲವನ್ನೂ ಬೆರೆಸಿದ ಸಾರು. ವರ್ಷ ಕಳೆದಂತೆ ಅವೇರ್‌ನೆಸ್, ಅಂದರೆ ಅರಿವು, ಏರುತ್ತದೆ, ಅದರ ಜೊತೆ ಓವರಾಲ್ ಕೂಡ. ಆದರೆ ಕ್ವಾರ್ಟರ್‌ಬ್ಯಾಕ್ ನನ್ನ ಕೈಲಿರುವಾಗ ಅವನ ಅರಿವು ಯಾರಿಗೆ ಬೇಕು? ಎದುರಿನ ಡಿಫೆನ್ಸ್ ಓದುವವನು ನಾನು. ಅವನಿಂದ ನನಗೆ ಬೇಕಾದ್ದು ತೋಳು ಮತ್ತು ಕಾಲು.

ಈ ಸಲದ ಪಟ್ಟಿಯಲ್ಲಿ ಇಬ್ಬರಿದ್ದರು. ಒಬ್ಬ ಸೀನಿಯರ್, ಓವರಾಲ್ 81. ಅವನ ಒಳಪುಟ ತೆರೆದರೆ ಅವೇರ್‌ನೆಸ್ ಬೆಟ್ಟದಷ್ಟು, ಎಸೆತದ ಬಲ 83, ವೇಗ 71. ಇನ್ನೊಬ್ಬ ಕೆಂಪಂಗಿ ಮುಗಿಸಿದ ಫ್ರೆಶ್‌ಮನ್, ಓವರಾಲ್ 74, ಎಸೆತದ ಬಲ 91, ವೇಗ 88. ಡೆವಲಪ್‌ಮೆಂಟ್ ಟ್ರೇಟ್ ನೋಡಿದೆ. ನಾರ್ಮಲ್, ಇಂಪ್ಯಾಕ್ಟ್, ಸ್ಟಾರ್, ಎಲೀಟ್ ಎಂದು ನಾಲ್ಕು ದರ್ಜೆ, ಹುಡುಗ ಎಷ್ಟು ಬೇಗ ಬೆಳೆಯುತ್ತಾನೆ ಎಂಬುದರ ಸೂಚನೆ ಅದು. ನೇಮಕದ ಹೊತ್ತಿಗೆ ಅದು ಕಾಣುವುದಿಲ್ಲ, ನಮ್ಮ ಪಟ್ಟಿಗೆ ಸೇರಿದ ಮೇಲೆ ತೆರೆದುಕೊಳ್ಳುತ್ತದೆ. ಸೀನಿಯರ್ ನಾರ್ಮಲ್. ಚಿಕ್ಕವನು ಸ್ಟಾರ್. ಪುಸ್ತಕದಲ್ಲಿ ಚಿಕ್ಕವನ ಹೆಸರಿಗೆ ಎರಡು ಅಡಿಗೆರೆ ಎಳೆದೆ.

ಲೈನ್‌ಗೆ ಬಂದರೆ ಲೆಕ್ಕ ತಿರುವುಮುರುವು. ಆ ಐವರನ್ನು ನಾನು ಮುಟ್ಟುವುದೇ ಇಲ್ಲ, ಬ್ಲಿಟ್ಜ್ (ಕ್ವಾರ್ಟರ್‌ಬ್ಯಾಕ್ ಮೇಲೆ ಹೆಚ್ಚು ಜನ ನುಗ್ಗುವ ದಾಳಿ) ಬಂದಾಗ ಯಾರನ್ನು ತಡೆಯಬೇಕೆಂದು ಅವರವರೇ ತೀರ್ಮಾನಿಸಬೇಕು. ಅಲ್ಲಿ ಅರಿವೇ ದೇವರು. ಹಾಗಾಗಿ ಎಡ ಟ್ಯಾಕಲ್‌ನಲ್ಲಿ 76ರ ಜೂನಿಯರ್ ಒಬ್ಬನನ್ನೇ ಉಳಿಸಿಕೊಂಡೆ. ಅವನ ಹಿಂದೆ ಈ ವರ್ಷ ಬಂದ 6 ಅಡಿ 7 ಅಂಗುಲದ ಹುಡುಗನಿದ್ದಾನೆ. ಹೆಸರು ಉಚ್ಚರಿಸಲು ಬರದೆ ಮೊದಲ ದಿನವೇ 'ತೆಂಗಿನಮರ' ಎಂದು ಕರೆದುಬಿಟ್ಟೆ. ಬಲ ಈಗಲೇ ಸೀನಿಯರ್‌ಗಳಷ್ಟಿದೆ, ಅರಿವು ಮಾತ್ರ ಮಗುವಿನದು, ಟ್ರೇಟ್ ಎಲೀಟ್. ಕೆಂಟ್ ಸ್ಟೇಟ್‌ಗೆ ಎಲೀಟ್ ಬರುವುದೆಂದರೆ ಬಾವಿ ತೋಡುವಾಗ ನಿಧಿ ಸಿಕ್ಕ ಹಾಗೆ. ಅವನ ಸಾಲಿನಲ್ಲಿ ನಾಲ್ಕು ಖಾಲಿ ಚೌಕ ಬರೆದಿಟ್ಟೆ, ಆಡಿದ ಪಂದ್ಯಕ್ಕೊಂದು ಗೀಟು ಹಾಕಲು. ಕಾಫಿ ತರಲು ಏಳುವುದಿಲ್ಲ ಎಂದು ಕೆಳಗೆ ಬರೆದುಕೊಂಡೆ.

ರನ್ನಿಂಗ್ ಬ್ಯಾಕ್, ಅಂದರೆ ಚೆಂಡು ಹಿಡಿದು ಓಡುವವರ ಸಾಲು ಬರೆಯುವಾಗ ಸ್ವಲ್ಪ ಹೊಟ್ಟೆ ಉರಿಯಿತು. ಮೂರು ವರ್ಷ ಬೆಳೆಸಿದ ಹುಡುಗ ಬೇರೆ ಕಾಲೇಜಿಗೆ ಹೋಗಬಯಸುವವರ ಪಟ್ಟಿಗೆ, ಅಂದರೆ ಟ್ರಾನ್ಸ್‌ಫರ್ ಪೋರ್ಟಲ್‌ಗೆ ಹೋದ. ಪ್ರತಿಯೊಬ್ಬನಿಗೂ ಒಂದು ಡೀಲ್ ಬ್ರೇಕರ್ ಇರುತ್ತದೆ, ಇದೊಂದು ಸಿಗದಿದ್ದರೆ ಹೊರಟೆ ಎನ್ನುವ ಹಟ. ಇವನದು ಬ್ರ್ಯಾಂಡ್ ಎಕ್ಸ್‌ಪೋಷರ್, ಟಿವಿಯಲ್ಲಿ ಕಾಣಬೇಕು. ಮಂಗಳವಾರ ರಾತ್ರಿಯ ಪಂದ್ಯಗಳನ್ನು ತೋರಿಸಿ ಎಷ್ಟು ಪುಸಲಾಯಿಸಿದರೂ ನಿಲ್ಲಲಿಲ್ಲ. ಹೋಗಿ ಸೇರಿದ್ದು ಎಲ್ಲಿ? ಭಾವನ ತಂಡಕ್ಕೆ.

"ಒಂದ್ ಮಾತು ಹೇಳ್ಬಾರ್ದಿತ್ತಾ ಭಾವ?"

"ಬಾಗ್ಲು ತೆಗ್ದಿತ್ತು, ಅವ್ನೇ ಒಳಗ್ ಬಂದ. ನಾನೇನ್ ಕೈ ಹಿಡ್ದು ಎಳ್ದ್ನಾ?"

ನಾನು ಸಾಕಿದ ಕೋಳಿ, ಅವರ ಮನೆ ಹಬ್ಬ. ಈಗ ನನ್ನ ಬಳಿ ಇರುವವರು ಇಬ್ಬರು ಸೋಫೊಮೋರ್‌ಗಳು, ಇಬ್ಬರದೂ 72. ಓಟಗಾರ ನನ್ನ ಕೈಲಿರುತ್ತಾನೆ, ವೇಗ 92 ಇದ್ದವನನ್ನು ಮೇಲೆ ಹಾಕಿದೆ, ಅಷ್ಟೇ.

ಎಸೆತ ಹಿಡಿಯುವ ರಿಸೀವರ್‌ಗಳ ಕಡೆ ಒಂದು ಪೆದ್ದುತನ ಮಾಡಿದ್ದೆ. ಕೆಂಟ್ ಸ್ಟೇಟ್‌ನಲ್ಲಿ ಜೂಲಿಯನ್ ಎಡೆಲ್ಮನ್ ಕ್ವಾರ್ಟರ್‌ಬ್ಯಾಕ್ ಆಗಿದ್ದವರು. 2009ರಲ್ಲಿ ವೃತ್ತಿ ಲೀಗ್‌ನ ಪೇಟ್ರಿಯಟ್ಸ್ ತಂಡ ಆಯ್ಕೆಯ ಏಳನೇ ಸುತ್ತಿನಲ್ಲಿ ಆರಿಸಿ ರಿಸೀವರ್ ಮಾಡಿತು, ಹತ್ತು ವರ್ಷದ ನಂತರ ಆ ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ನ ಶ್ರೇಷ್ಠ ಆಟಗಾರರೂ ಆದರು. ಆಂಟೋನಿಯೊ ಗೇಟ್ಸ್ ಅದೇ ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಮಾತ್ರ ಆಡಿ, ಆಮೇಲೆ ವೃತ್ತಿ ಫುಟ್‌ಬಾಲ್‌ನಲ್ಲಿ ದೊಡ್ಡ ಟೈಟ್ ಎಂಡ್ ಆದವರು. ಈ ಮಣ್ಣಲ್ಲೇ ಏನೋ ಇದೆ ಎಂದುಕೊಂಡು ಆಫ್‌ಸೀಸನ್‌ನಲ್ಲಿ ನನ್ನ ಮೂರನೇ ಕ್ವಾರ್ಟರ್‌ಬ್ಯಾಕ್‌ನನ್ನು ರಿಸೀವರ್ ಮಾಡಿದೆ. ಓವರಾಲ್ ಒಂದೇ ಏಟಿಗೆ 68ರಿಂದ 57ಕ್ಕೆ ಬಿತ್ತು. ಕ್ಯಾಚಿಂಗ್ ನೋಡಿದರೆ ಪಾಪ, ಹಾಲಿನ ಪ್ಯಾಕೆಟ್ ಎಸೆದರೂ ಹಿಡಿಯುವವನಲ್ಲ. ವೇಗ ನೋಡಿ ಮರುಳಾಗಿ, ಹಿಡಿಯುವ ಕೈ ನೋಡುವುದನ್ನು ಮರೆತಿದ್ದೆ.

ಡಿಫೆನ್ಸ್ ಬಗ್ಗೆ ಹೆಚ್ಚು ಹೇಳಲು ಇಲ್ಲ. ಲೈನ್‌ಬ್ಯಾಕರ್‌ಗಳು ಚೆನ್ನಾಗಿದ್ದಾರೆ, ಎದುರಾಳಿ ರಿಸೀವರ್‌ಗಳನ್ನು ತಡೆಯುವ ಕಾರ್ನರ್‌ಗಳು ಮುಂದಿನ ವರ್ಷಕ್ಕೆ ತೆಳು. ಕಿಕರ್ ಇದ್ದಾನಾ ಎಂದು ನೋಡಿ, ಇದ್ದಾನೆ ಎಂದು ಗೀಟು ಹಾಕಿದೆ.

ಒಂಬತ್ತೂ ಮುಕ್ಕಾಲು. ನಾಲ್ವರಲ್ಲಿ ಮೂವರು ಸುಲಭ: ಆ ಪೇಪರ್ ರಿಸೀವರ್, ಮೂರನೇ ಫುಲ್‌ಬ್ಯಾಕ್, 60 ದಾಟದ ಒಬ್ಬ ಗಾರ್ಡ್. ನಾಲ್ಕನೆಯದಕ್ಕೆ ಕೈ ತಡವರಿಸಿತು. 73 ಇರುವ ಸೀನಿಯರ್ ಕಾರ್ನರ್ ಒಬ್ಬ, 62 ಇರುವ ಫ್ರೆಶ್‌ಮನ್ ಕಾರ್ನರ್ ಒಬ್ಬ. ಸೀನಿಯರ್ ನನ್ನ ಐದನೇ ಕಾರ್ನರ್, ಮೈದಾನಕ್ಕೆ ಇಳಿಯುವುದೇ ಅನುಮಾನ. 2024ರಲ್ಲಿ ನಾನು ಕೈಗೆತ್ತಿಕೊಂಡ ಮೊದಲ ಪಟ್ಟಿಯಲ್ಲಿದ್ದವರಲ್ಲಿ ಈಗಲೂ ಉಳಿದಿದ್ದವನು ಅವನೊಬ್ಬನೇ, ಮಿಕ್ಕವರೆಲ್ಲ ಆಮೇಲೆ ಬಂದ ಹುಡುಗರು. ಜೂನಿಯರ್ ಕಾಲಂನಲ್ಲೂ ಸೋಫೊಮೋರ್ ಕಾಲಂನಲ್ಲೂ ಕಾರ್ನರ್ ಸಾಲು ಬೋಳಾಗಿತ್ತು. ಅದನ್ನೇ ನೋಡುತ್ತಾ ಸೀನಿಯರ್‌ನನ್ನು ಕಳಿಸಿದೆ.

ಕಾಲ್‌ನಲ್ಲಿ ಇದನ್ನು ಓದುತ್ತಿದ್ದಂತೆ ಡೆಂಟನ್‌ನವನು ಕೂಗಿಕೊಂಡ: "73 ಇರೋನ್ನ ಬಿಟ್ಟು 62 ಇಟ್ಕೊಂಡ್ಯಾ? ತಲೆ ಸರಿ ಇದ್ಯನಾ ಮಾರಾಯ?"

"ಎರಡು ವರ್ಷ ಬಿಟ್ಟು ಕೇಳು."

"ಎರಡು ವರ್ಷ ಬಿಟ್ಟು ಅವ್ನೂ ನಿಮ್ ಭಾವನ್ ಹತ್ರ ಇರ್ತಾನೆ ಬಿಡು."

ಭಾವ ನಕ್ಕರು, ಇಲ್ಲ ಎನ್ನಲಿಲ್ಲ.

ಕೊನೆಯದು ಗೆಲುವಿನ ಲೆಕ್ಕ. ಕಾನ್ಫರೆನ್ಸ್ ಹೊರಗಿನ ಪಂದ್ಯಗಳಲ್ಲಿ ಪೆನ್ ಸ್ಟೇಟ್ ಬಂದಿತ್ತು. ವೇಳಾಪಟ್ಟಿ ಬದಲಿಸಲು ಅವಕಾಶವಿತ್ತು, ಬದಲಿಸಲಿಲ್ಲ. ನಿಜವಾದ ಸಣ್ಣ ತಂಡಗಳು ಖರ್ಚಿನ ಹಣಕ್ಕಾಗಿ ದೊಡ್ಡವರ ಅಂಗಳಕ್ಕೆ ಹೋಗಿ ಏಟು ತಿಂದು ಬರುತ್ತವೆ, ನನ್ನ ತಂಡವೂ ತಿನ್ನಲಿ. ಅಕ್ರಾನ್ ವಿರುದ್ಧದ ಪಂದ್ಯಕ್ಕೆ ಮಾತ್ರ ಪುಸ್ತಕದಲ್ಲಿ ದೊಡ್ಡದಾಗಿ ಗೆಲುವು ಎಂದು ಬರೆದೆ. ಅದರ ಟ್ರೋಫಿ ಒಂದು ಹಳೆಯ ಗಾಡಿಯ ಚಕ್ರ. ಗಾಡಿ ಚಕ್ರಕ್ಕಾಗಿ ಎರಡು ವಿಶ್ವವಿದ್ಯಾಲಯ ಬಡಿದಾಡುತ್ತವೆ ಎಂದು ಅಮ್ಮನಿಗೆ ಹೇಳಿದಾಗ, "ನಮ್ ಕೊಟ್ಟಿಗೇಲಿ ಎರಡ್ ಬಿದ್ದಿವೆ, ಕಳಿಸ್ಲಾ?" ಎಂದಿದ್ದಳು. ಒಟ್ಟು ಏಳು ಗೆಲುವು, ಐದು ಸೋಲು ಎಂದು ಮುನ್ನೋಟ ಮುಗಿಸಿದೆ. ಭಾವ ಬಟನ್ ಒತ್ತಿದರು.

ಮೊದಲ ಪಂದ್ಯ ಪೆನ್ ಸ್ಟೇಟ್. ಚಿಕ್ಕ ಕ್ವಾರ್ಟರ್‌ಬ್ಯಾಕ್ ಮೊದಲ ಎಸೆತದಲ್ಲೇ ಚೆಂಡನ್ನು 50 ಗಜ ಕಳಿಸಿದ, ಹಿಡಿಯುವವನಿಗಿಂತ ಐದು ಗಜ ಆಚೆಗೆ. ಮೂರನೇ ಕ್ವಾರ್ಟರ್‌ನಲ್ಲಿ 31–10 ಹಿಂದಿದ್ದಾಗ ಎಡ ಟ್ಯಾಕಲ್ ಮೊಣಕಾಲು ಹಿಡಿದುಕೊಂಡು ಕೂತ. ಬದಲಿಗೆ ತೆಂಗಿನಮರ ತಲೆ ಬಗ್ಗಿಸಿಕೊಂಡು ಮೈದಾನಕ್ಕೆ ಓಡಿತು. ಆಟ ನಿಲ್ಲಿಸಿ, ಪುಸ್ತಕ ಎಳೆದುಕೊಂಡು, ಮೊದಲ ಚೌಕಕ್ಕೆ ಗೀಟು ಹಾಕಿದೆ. ಇನ್ನು ಮೂರು.