ಆಲೂಗಡ್ಡೆ ನೀರು, ಚೈನಾ ಗ್ರಾಸ್, ಕುಕ್ಕರ್: ಮನೆಯಲ್ಲೇ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಸಿ ನೋಡುವುದು ಹೇಗೆ

ಮಳೆಗಾಲದಲ್ಲಿ ಮೆತ್ತನೆ ರೊಟ್ಟಿಯನ್ನು ಡಬ್ಬಿಯಲ್ಲಿ ಮುಚ್ಚಿಟ್ಟು ಮರೆತರೆ ಕೆಲವೇ ದಿನಕ್ಕೆ ಬೂಷ್ಟು. ಅದೇ ಹಿಟ್ಟಿನ ಕಟಿ ರೊಟ್ಟಿಗೆ ತಿಂಗಳಾದರೂ ಏನೂ ಆಗಲ್ಲ. ಬೂಷ್ಟಿನ ಬೀಜಕಣಗಳು ಎರಡರ ಮೇಲೂ ಬಿದ್ದಿರುತ್ತವೆ, ಆದರೆ ಕಟಿ ರೊಟ್ಟಿಯಲ್ಲಿ ಅವಕ್ಕೆ ನೀರು ಸಿಗಲ್ಲ. ಊಟ, ನೀರು, ಹದವಾದ ಬಿಸಿ ಮೂರೂ ಒಟ್ಟಿಗೆ ಸಿಕ್ಕರೆ ಕಣ್ಣಿಗೆ ಕಾಣದ್ದೂ ಕಾಣುವಷ್ಟು ಬೆಳೆಯುತ್ತದೆ.

ಬೇಕಾದದ್ದು: 50 ಗ್ರಾಂ ಆಲೂಗಡ್ಡೆ, ಒಂದು ಚಮಚ ಸಕ್ಕರೆ, 5 ಗ್ರಾಂ ಚೈನಾ ಗ್ರಾಸ್ ಪುಡಿ (ನೀರನ್ನು ಗಟ್ಟಿಯಾಗಿಸುವ ಕಡಲಪಾಚಿಯ ಪುಡಿ), ಕಾಲು ಲೀಟರ್ ನೀರು. ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಪ್ಯಾಕ್ ಒಡೆಯದ ಪ್ಲಾಸ್ಟಿಕ್ ಪೆಟ್ರಿ ಡಿಶ್ (ಮುಚ್ಚಳವಿರುವ ಚಪ್ಪಟೆ ತಟ್ಟೆ) ತನ್ನಿ. ಆಲೂಗಡ್ಡೆ ಹೆಚ್ಚಿ ಕುದಿಸಿ, ನೀರು ಸೋಸಿ, ಕಡಿಮೆಯಾದಷ್ಟು ನೀರು ಸೇರಿಸಿ, ಸಕ್ಕರೆ ಮತ್ತು ಚೈನಾ ಗ್ರಾಸ್ ಹಾಕಿ ಕರಗಿಸಿ. ಗಾಜಿನ ಬಾಟಲಿಗೆ ಅರ್ಧದಷ್ಟು ತುಂಬಿ, ಮುಚ್ಚಳ ಸಡಿಲವಾಗಿಟ್ಟು ಕುಕ್ಕರ್‌ನಲ್ಲಿಡಿ. ಸೀಟಿ ಬಂದ ಮೇಲೆ ಸಣ್ಣ ಉರಿಯಲ್ಲಿ 20 ನಿಮಿಷ. ಸುಮ್ನೆ ಕುದಿಸಿದರೆ ಸಾಲಲ್ಲ, ಯಾಕಂದ್ರೆ ಕೆಲವು ಬ್ಯಾಕ್ಟೀರಿಯಾಗಳ ಬೀಜಕಣ 100 ಡಿಗ್ರಿಯಲ್ಲೂ ಬದುಕುತ್ತವೆ, ಕುಕ್ಕರ್‌ನ ಒತ್ತಡದಲ್ಲಿ ಬಿಸಿ 120ರ ಹತ್ತಿರ ಹೋಗುತ್ತದೆ.

ಪ್ರೆಶರ್ ತಾನಾಗಿ ಇಳಿಯಲಿ. ಬಾಟಲಿ ಕೈಯಲ್ಲಿ ಹಿಡಿಯುವಷ್ಟು ಆರಿದ ಮೇಲೆ ಡಿಶ್‌ನ ಮುಚ್ಚಳ ಸ್ವಲ್ಪವೇ ಎತ್ತಿ ಸುರಿದು ತಕ್ಷಣ ಮುಚ್ಚಿ. ಮೊದಲು ಫ್ಯಾನ್ ಬಂದ್ ಮಾಡಿ! ನಾನು ಮೊದಲ ಸಲ ಮಾಡಿದ್ದು ಕಲಬುರಗಿಯ ಮೇ ತಿಂಗಳಲ್ಲಿ, ಸೆಕೆ ತಡೆಯಲಾರದೆ ಫ್ಯಾನ್ ಹಾಕಿಕೊಂಡೇ ಸುರಿದೆ, ಐದಕ್ಕೆ ಐದು ಡಿಶ್‌ನಲ್ಲೂ ಹಸಿರು ಬೂಷ್ಟು ಬಂತು, ಮುಟ್ಟದೇ ಇಟ್ಟದ್ದರಲ್ಲೂ. ಇನ್ನೊಂದು ತಾಪತ್ರಯ, ಚೈನಾ ಗ್ರಾಸ್ ಗಟ್ಟಿಯಾಗುವುದು 35ರಿಂದ 40 ಡಿಗ್ರಿಯ ಆಸುಪಾಸಿನಲ್ಲಿ, ನಮ್ಮ ಮೇ ತಿಂಗಳ ಮಧ್ಯಾಹ್ನವೇ ಅಷ್ಟಿರುತ್ತದೆ ಅಲ್ವಾ? ಬೆಳಗಿನ ಜಾವ ಮಾಡಿ, ಇಲ್ಲವೇ ದೀಪಾವಳಿ ದಾಟಲಿ. ಹಿಂದೆ ಜರ್ಮನಿಯ ಲ್ಯಾಬ್‌ಗಳಲ್ಲಿ ಹೀಗೆ ಗಟ್ಟಿಯಾಗಿಸಲು ಜೆಲಾಟಿನ್ ಬಳಸುತ್ತಿದ್ದರು, ಅದು ಬೇಸಿಗೆಗೆ ಕರಗಿ ಹೋಗುತ್ತಿತ್ತು. 1881ರಲ್ಲಿ ಫ್ಯಾನಿ ಹೆಸ್ಸೆ ಎಂಬ ಹೆಣ್ಣುಮಗಳು ತನ್ನ ಅಡುಗೆಮನೆಯ ಅಗರ್ ಹಾಕಿ ನೋಡಿ ಎಂದಳು. ನಮ್ಮ ಚೈನಾ ಗ್ರಾಸ್ ಅದೇ.

ಗಟ್ಟಿಯಾದ ಮೇಲೆ ನಾಲ್ಕು ಡಿಶ್ ತೆಗೆದುಕೊಳ್ಳಿ. ಒಂದಕ್ಕೆ ತೊಳೆಯದ ಬೆರಳು ಮೆಲ್ಲಗೆ ಒತ್ತಿ, ಇನ್ನೊಂದಕ್ಕೆ ಸೋಪಿನಲ್ಲಿ ತೊಳೆದು ಒಣಗಿಸಿದ ಬೆರಳು. ಮೂರನೆಯದನ್ನು ಕಿಟಕಿ ಪಕ್ಕ ಕಾಲು ಗಂಟೆ ತೆರೆದಿಡಿ. ನಾಲ್ಕನೆಯದು ಖಾಲಿ, ತೆರೆಯಲೇಬಾರದು. ಈ ಖಾಲಿ ಡಿಶ್ಶೇ ಮುಖ್ಯ. ಅದರಲ್ಲೂ ಏನಾದರೂ ಬೆಳೆದರೆ ಉಳಿದ ಮೂರನ್ನು ನಂಬಬೇಡಿ. ಗಾಯ, ಮೂಗು, ಕಕ್ಕಸು, ಹಸಿ ಮಾಂಸದಿಂದ ಮಾತ್ರ ಏನೂ ತರಬೇಡಿ, ರೋಗದ ಜೀವಿಗಳೂ ಬೆಳೆದಾವು.

ಅಂಚಿಗೆ ನಾಲ್ಕು ಕಡೆ ಟೇಪ್ ಹಚ್ಚಿ, ಹೆಸರು ಬರೆದು, ತಲೆಕೆಳಗಾಗಿ ಇಡಿ, ಇಲ್ಲದಿದ್ದರೆ ಮುಚ್ಚಳದ ನೀರ ಹನಿ ಬಿದ್ದು ಎಲ್ಲ ಕಲಸಿ ಹೋಗುತ್ತದೆ. ಜಾಗ ಬಿಸಿಲಿಲ್ಲದ್ದು. ಬೇಸಿಗೆಯಾದರೆ ನೀರಿನ ಗಡಿಗೆ ಪಕ್ಕದ ತಂಪು ಚೆನ್ನ, ಬಹಳಷ್ಟು ಬೂಷ್ಟಿಗೆ 25ರಿಂದ 30 ಡಿಗ್ರಿ ಹಿತ.

ಒಂದೆರಡು ದಿನಕ್ಕೆ ಬೆರಳಿನ ಗುರುತಿದ್ದಲ್ಲಿ ಹಾಲಿನ ಹನಿ ಒಣಗಿದಂತೆ, ನುಣುಪಾದ ಬಿಳಿ, ಹಳದಿ ಚುಕ್ಕೆ ಏಳುತ್ತವೆ. ಬ್ಯಾಕ್ಟೀರಿಯಾ. ಒಂದು ಎರಡಾಗಿ ಸೀಳುವುದೇ ಅವುಗಳ ಬೆಳವಣಿಗೆ, ಕರುಳಿನಲ್ಲಿರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಹದ ಸಿಕ್ಕರೆ 20 ನಿಮಿಷಕ್ಕೊಮ್ಮೆ ಸೀಳುತ್ತದೆ, ಏಳು ಗಂಟೆಗೆ ಒಂದರಿಂದ 20 ಲಕ್ಷ. ತೊಳೆದ ಬೆರಳಿನ ಡಿಶ್‌ನಲ್ಲೂ ಚುಕ್ಕೆ ಬಂದರೆ ಗಾಬರಿ ಬೇಡ, ಚರ್ಮದ ಮೇಲೆ ಅವು ಸದಾ ಇರುತ್ತವೆ. ಬೂಷ್ಟು ಮೂರು ನಾಲ್ಕು ದಿನ ತೆಗೆದುಕೊಳ್ಳುತ್ತದೆ: ಮೊದಲು ಹತ್ತಿಯಂಥ ಬಿಳಿ ಎಳೆ, ತುದಿಯಿಂದ ಉದ್ದವಾಗುತ್ತಾ ಗುಂಡಗೆ ಹರಡುತ್ತದೆ. ಆಮೇಲೆ ನಡುವೆ ಹಸಿರೋ ಕಪ್ಪೋ ಬಣ್ಣ, ಅದು ಬೀಜಕಣ. ನಮ್ಮ ತೊಗರಿಗೆ ನೆಟೆ ರೋಗ ತರುವ ಫ್ಯುಸೇರಿಯಂ ಕೂಡ ಇಂಥ ಎಳೆ ಬಿಡುವ ಬೂಷ್ಟಿನ ಜಾತಿಯೇ, ಅದು ಮಣ್ಣಿನಿಂದ ಬೇರಿಗೆ ನುಗ್ಗುತ್ತದೆ.

ಬೆಳೆದ ಮೇಲೆ ಮುಚ್ಚಳ ತೆಗೆದು ಮೂಸಬೇಡಿ, ಫೋಟೋ ಹೊರಗಿನಿಂದಲೇ ತೆಗೆಯಿರಿ. ವಾರವಾದ ಮೇಲೆ ದೊಡ್ಡವರು ಯಾರಾದರೂ ಗ್ಲೌಸ್ ಹಾಕಿಕೊಂಡು, ಒಂದು ಪಾಲು ದ್ರವ ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿದ ಹಳೇ ಬಕೆಟ್‌ನಲ್ಲಿ ಡಿಶ್ ಮುಳುಗಿಸಿ, ನೀರೊಳಗೇ ಟೇಪ್ ಬಿಡಿಸಿ ರಾತ್ರಿಯಿಡೀ ಬಿಡಲಿ. ಬೆಳಿಗ್ಗೆ ಡಿಶ್‌ಗಳನ್ನು ಚೀಲಕ್ಕೆ ಕಟ್ಟಿ ಕಸಕ್ಕೆ ಹಾಕಿ. ಕುಕ್ಕರ್‌ಗೆ ಏನೂ ಆಗಿಲ್ಲ, ಅದರಲ್ಲಿ ಬೆಂದದ್ದು ಆಲೂ, ಸಕ್ಕರೆ ಅಷ್ಟೇ. ತೊಳೆದು ಬೇಳೆ ಇಡಬಹುದು.