ಕ್ಷೀರಪಥದ ನಡುವಿನ ಉಬ್ಬನ್ನು ಅಳತೆಗೆ ತಕ್ಕಂತೆ ಬಿಡಿಸುವುದು ಹೇಗೆ?

ಶಾಲೆಯ ಚಾರ್ಟುಗಳಲ್ಲಿ ಕ್ಷೀರಪಥವೆಂದರೆ ಚಪ್ಪಟೆ ತಟ್ಟೆ, ಅದರ ನಡುವೆ ಹಳದಿ ಬಣ್ಣದ ಒಂದು ಚೆಂಡು. ಆ ಚೆಂಡು ತಪ್ಪು. ನಮ್ಮ ಗ್ಯಾಲಕ್ಸಿಯ ಕೇಂದ್ರದ ಉಬ್ಬು ದುಂಡಗಿಲ್ಲ. ಉದ್ದನೆಯ ನಕ್ಷತ್ರಪಟ್ಟಿಯೊಂದರ ದಪ್ಪನೆಯ ನಡುಭಾಗ ಅದು. ಪಕ್ಕದಿಂದ ನೋಡಿದರೆ ಸುಲಿಯದ ಕಡಲೆಕಾಯಿಯ ಆಕಾರ. ವಿಜ್ಞಾನ ಮೇಳಕ್ಕೆ ಚಿತ್ರ ಬಿಡಿಸುವ ಮಕ್ಕಳು ಸರಿಯಾದುದನ್ನೇ ಬಿಡಿಸಲಿ. ಎರಡು ಎ4 ಹಾಳೆ, ಅಳತೆಪಟ್ಟಿ, ಕೋನಮಾಪಕ ಇದ್ದರೆ ಸಾಕು.

ಮೊದಲು ಮೇಲಿನಿಂದ ಕಾಣುವ ನೋಟ

1. ಒಂದು ಸೆಂಟಿಮೀಟರ್ ಎಂದರೆ 2,000 ಜ್ಯೋತಿರ್ವರ್ಷ ಎಂದಿಟ್ಟುಕೊಳ್ಳಿ. ಹಾಳೆಯನ್ನು ಉದ್ದುದ್ದ ಹಿಡಿದು ಕೆಳಭಾಗದಲ್ಲಿ ಸೂರ್ಯನಿಗೆ ಒಂದು ಚುಕ್ಕಿ ಇಡಿ. ಅಲ್ಲಿಂದ ನೇರ ಮೇಲಕ್ಕೆ 13 ಸೆಂ.ಮೀ. ದೂರದಲ್ಲಿ ಗ್ಯಾಲಕ್ಸಿಯ ಕೇಂದ್ರ. ಅಂದರೆ ಸುಮಾರು 26,000 ಜ್ಯೋತಿರ್ವರ್ಷ. ಎರಡನ್ನೂ ತೆಳುವಾದ ಗೆರೆಯಿಂದ ಸೇರಿಸಿ.

2. ಕೋನಮಾಪಕವನ್ನು ಕೇಂದ್ರದ ಮೇಲಿಟ್ಟು, ಸೂರ್ಯನ ಕಡೆಗೆ ಬರುವ ಗೆರೆಯಿಂದ ಎಡಕ್ಕೆ ಸುಮಾರು 27 ಡಿಗ್ರಿ ಗುರುತಿಸಿ. ಆ ದಿಕ್ಕಿನಲ್ಲಿ 8 ಸೆಂ.ಮೀ., ಅದರ ನೇರ ಎದುರಿಗೆ ಇನ್ನೊಂದು 8 ಸೆಂ.ಮೀ. ಗೆರೆ ಎಳೆಯಿರಿ. ಇದೇ ಪಟ್ಟಿ. ಎಡಗಡೆಯ ಕೊನೆ ನಮಗೆ ಹತ್ತಿರ, ಬಲಗಡೆಯದು ಕೇಂದ್ರದಾಚೆ ದೂರದಲ್ಲಿದೆ.

3. ಕೇಂದ್ರದಿಂದ ಎರಡೂ ಕಡೆಗೆ ಮೂರು ಸೆಂಟಿಮೀಟರಿನಷ್ಟು ಭಾಗಕ್ಕೆ ಗಾಢ ಬಣ್ಣ ತುಂಬಿ. ಉಬ್ಬು ಎಂದು ಕರೆಯುವುದು ಇಷ್ಟನ್ನೇ.

ಪಕ್ಕದ ನೋಟವೇ ನಿಜವಾದ ಸ್ವಾರಸ್ಯ

ಇನ್ನೊಂದು ಹಾಳೆಯಲ್ಲಿ 16 ಸೆಂ.ಮೀ. ಉದ್ದದ ತೆಳುವಾದ ಪಟ್ಟಿ ಬಿಡಿಸಿ. ಅದರ ನಡುವಿನ ಆರು ಸೆಂಟಿಮೀಟರಿನಲ್ಲಿ ಮಾತ್ರ ಮೇಲಕ್ಕೂ ಕೆಳಕ್ಕೂ ಸುಮಾರು ಎರಡೆರಡು ಸೆಂ.ಮೀ. ಉಬ್ಬಿಸಿ. ಆದರೆ ನಟ್ಟನಡುವೆ ಸೊಂಟದಂತೆ ಒಳಕ್ಕೆ ತಗ್ಗಿರಬೇಕು. ಇಕ್ಕೆಲದ ನಾಲ್ಕು ಮೂಲೆಗಳಿಂದ ಕೇಂದ್ರದತ್ತ ಓರೆಗೆರೆಗಳನ್ನು ಎಳೆದರೆ ಇಂಗ್ಲಿಷಿನ ಎಕ್ಸ್ ಅಕ್ಷರ ಮೂಡುತ್ತದೆ. ಆ ಎಕ್ಸ್ ನಿಜವಾಗಿಯೂ ಅಲ್ಲಿದೆ.

ಅದರೊಳಗೇ ಬದುಕುವ ನಮಗೆ ಇದು ತಿಳಿದದ್ದು ಹೇಗೆ? ಕಣ್ಣಿಗೆ ಕಾಣುವ ಬೆಳಕಿನಲ್ಲಿ ಕೇಂದ್ರವನ್ನು ನೋಡಲು ಆಗುವುದೇ ಇಲ್ಲ. ಅಲ್ಲಿಂದ ಹೊರಟ ಲಕ್ಷ ಕೋಟಿ ಬೆಳಕಿನ ಕಣಗಳಲ್ಲಿ ಹೆಚ್ಚುಕಡಿಮೆ ಒಂದು ಮಾತ್ರ ಧೂಳನ್ನು ದಾಟಿ ಬರುತ್ತದೆ. ಅವಗೆಂಪು ಕಿರಣಗಳಿಗೆ ಈ ಧೂಳು ಅಷ್ಟು ದೊಡ್ಡ ತಡೆಯಲ್ಲ. 1989ರಲ್ಲಿ ಹಾರಿದ ನಾಸಾದ ಕೋಬೆ ಉಪಗ್ರಹದ ಅವಗೆಂಪು ಚಿತ್ರದಲ್ಲಿ ಉಬ್ಬು ಪೆಟ್ಟಿಗೆಯಂತೆ ಚೌಕವಾಗಿ, ಎಡಗಡೆ ತುಸು ದಪ್ಪಗೆ ಕಂಡಿತು. ಹತ್ತಿರದ ಕೊನೆ ದೊಡ್ಡದಾಗಿ ಕಾಣಬೇಕಲ್ಲವೇ? ನೀವು ಈಗಷ್ಟೇ ಎಳೆದ 27 ಡಿಗ್ರಿಯ ಓರೆಯ ಫಲ ಅದು.

ಇನ್ನೂ ಬಲವಾದ ಸಾಕ್ಷಿ 2010ರಲ್ಲಿ ಸಿಕ್ಕಿತು. ಒಡಲಿನಲ್ಲಿ ಹೀಲಿಯಂ ಉರಿಸುತ್ತಿರುವ ಒಂದು ಬಗೆಯ ಕೆಂಪು ದೈತ್ಯ ನಕ್ಷತ್ರಗಳ ನಿಜವಾದ ಪ್ರಕಾಶ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಮಂಕಾಗಿ ಕಂಡದ್ದು ದೂರ, ಪ್ರಖರವಾಗಿ ಕಂಡದ್ದು ಹತ್ತಿರ. ಕೇಂದ್ರದಿಂದ ಐದಾರು ಡಿಗ್ರಿ ಮೇಲೆ ಅಥವಾ ಕೆಳಗೆ ನೋಡಿದರೆ ಇವು ಒಂದೇ ದಿಕ್ಕಿನಲ್ಲಿ ಎರಡು ಗುಂಪಾಗಿ ಒಡೆದಿರುವುದನ್ನು ಎರಡು ತಂಡಗಳು ಬೇರೆಬೇರೆಯಾಗಿ ಗುರುತಿಸಿದವು. ನಮ್ಮ ನೋಟ ಎಕ್ಸ್‌ನ ಹತ್ತಿರದ ತೋಳನ್ನೂ ದೂರದ ತೋಳನ್ನೂ ಒಟ್ಟಿಗೇ ಹಾದುಹೋಗುತ್ತದೆ ಎಂಬುದು ಇದರ ಅರ್ಥ. ನಕ್ಷತ್ರಗಳನ್ನು ಎಣಿಸಿ ಗ್ಯಾಲಕ್ಸಿಯ ಆಕಾರ ಹೇಳುವ ಈ ಜಾಣ್ಮೆಗೆ ನಾನು ಮಾರುಹೋಗಿದ್ದೇನೆ.

ಈ ಆಕಾರ ಬಂದ ಬಗೆಯನ್ನೂ ಚಿತ್ರದ ಕೆಳಗೆ ಬರೆಯಿರಿ: ತಿರುಗುವ ತಟ್ಟೆಯಲ್ಲಿ ಮೊದಲು ಪಟ್ಟಿ ರೂಪುಗೊಂಡಿತು. ಆಮೇಲೆ ಅದು ತನ್ನದೇ ಗುರುತ್ವದಿಂದ ಮೇಲೆ ಕೆಳಗೆ ಬಾಗಿ ದಪ್ಪವಾಯಿತು.

ಕೊನೆಗೆ ಆಕಾಶದಲ್ಲಿ ತಾಳೆ ನೋಡಿ

ಅಮಾವಾಸ್ಯೆಯ ಆಸುಪಾಸಿನ ರಾತ್ರಿ ಬೇಕು. ಜೂನ್, ಜುಲೈ ತಿಂಗಳುಗಳಲ್ಲಿ ಮಳೆಮೋಡದ ಕಾಟ. ಹಾಗಾಗಿ ಏಪ್ರಿಲ್ ನಡುವಿನ ಬೆಳಗಿನ ಜಾವ ನಾಲ್ಕೂವರೆಗೆ ದಕ್ಷಿಣಕ್ಕೆ, ಇಲ್ಲವೇ ಅಕ್ಟೋಬರಿನಲ್ಲಿ ಕತ್ತಲಾದೊಡನೆ ನೈಋತ್ಯಕ್ಕೆ ನೋಡಿ. ಬೆಂಗಳೂರಿನವರು ನಗರದ ದಕ್ಷಿಣಕ್ಕೆ, ಕನಕಪುರದಾಚೆ ಹೋದರೆ ಊರಿನ ಬೆಳಕು ಬೆನ್ನ ಹಿಂದೆ ಉಳಿಯುತ್ತದೆ. ನಮ್ಮಲ್ಲಿ ಕೇಂದ್ರದ ಭಾಗ ದಿಗಂತದಿಂದ 48 ಡಿಗ್ರಿವರೆಗೆ ಏರುತ್ತದೆ. ದೆಹಲಿಯಲ್ಲಿ ಸುಮಾರು 32 ಮಾತ್ರ.

ವೃಶ್ಚಿಕದ ಬಾಲದ ಮೂಲಾ ಮತ್ತು ಅದರ ಎಡಕ್ಕಿರುವ ಪೂರ್ವಾಷಾಢ ನಕ್ಷತ್ರಗಳನ್ನು ಗುರುತಿಸಿ. ಪೂರ್ವಾಷಾಢದ ಬಳಿ ಧನುವಿನ ತಾರೆಗಳು ಟೀ ಪಾತ್ರೆಯ ಆಕಾರದಲ್ಲಿವೆ. ಕೊಳವೆಯ ತುದಿಯ ತಾರೆ ಗ್ಯಾಮಾ. ಅದು ದಕ್ಷಿಣದಲ್ಲಿ ತನ್ನ ಗರಿಷ್ಠ ಎತ್ತರಕ್ಕೆ ಏರಿರುವಾಗ, ಕೈ ಚಾಚಿ ಹಿಡಿದ ಮೂರು ಬೆರಳಿನಷ್ಟು ಬಲಕ್ಕೆ, ತುಸು ಮೇಲೆ ಗ್ಯಾಲಕ್ಸಿಯ ಕೇಂದ್ರವಿದೆ. ಅಲ್ಲಿ ಕಾಣುವುದು ಕಪ್ಪು ಧೂಳು. ಗ್ಯಾಮಾದ ಹತ್ತಿರವೇ ಹೊಳೆಯುವ ದಟ್ಟ ಬಿಳಿ ನಕ್ಷತ್ರಮೋಡ ಮಾತ್ರ ಉಬ್ಬಿನದೇ ಭಾಗ. ಇನ್ನೂ ಮೇಲಿರುವ ಚಿಕ್ಕ ಮೋಡ ಎಂ24 ಉಬ್ಬಿಗೆ ಸೇರಿದ್ದಲ್ಲ, ನಮಗೆ ಹತ್ತಿರದ ಸುರುಳಿತೋಳಿನದು.

ದೂರದರ್ಶಕವಿದ್ದರೆ ಗ್ಯಾಮಾದಿಂದ ಅರ್ಧ ಡಿಗ್ರಿ ವಾಯವ್ಯಕ್ಕೆ ಎನ್‌ಜಿಸಿ 6522 ಎಂಬ ಗೋಳಾಕಾರದ ನಕ್ಷತ್ರಗುಚ್ಛವನ್ನು ಹುಡುಕಿ. ಅದರ ಸುತ್ತ ಧೂಳು ತೆಳುವಾಗಿದೆ. 1940ರ ದಶಕದಲ್ಲಿ ಮೌಂಟ್ ವಿಲ್ಸನ್ ವೀಕ್ಷಣಾಲಯದ ವಾಲ್ಟರ್ ಬಾಡೆ ಇದೇ ಕಿಂಡಿಯ ಮೂಲಕ ಉಬ್ಬಿನ ಮುದಿ ನಕ್ಷತ್ರಗಳನ್ನು ಅಧ್ಯಯನ ಮಾಡಿದರು. ಈ ಕಿಂಡಿಯನ್ನೂ ಒಂದು ಪುಟ್ಟ ವೃತ್ತವಾಗಿ ನಿಮ್ಮ ಚಿತ್ರಕ್ಕೆ ಸೇರಿಸಿ. ಪಕ್ಕದ ನೋಟದಲ್ಲಿ, ತಟ್ಟೆಯ ಮಟ್ಟಕ್ಕಿಂತ ಸುಮಾರು ಒಂದು ಸೆಂಟಿಮೀಟರ್ ಕೆಳಗೆ ಅದರ ಜಾಗ.