ಕ್ಲೌಡ್ ಬಾಡಿಗೆಗೆ ಹಿಡಿಯುವ ಮುಂಚೆ ಇಷ್ಟು ನೋಡಿಕೊಳ್ಳಿ

ನಿಮ್ಮದೊಂದು ಸಣ್ಣ ಸೀರೆ ಅಂಗಡಿ ಇದೆ, ಆನ್‌ಲೈನ್‌ನಲ್ಲೂ ಆರ್ಡರ್ ತಗೊಳ್ಳಬೇಕು ಅಂದುಕೊಳ್ಳಿ. ಹಿಂದೆಲ್ಲ ಇದಕ್ಕೆ ಸ್ವಂತ ಸರ್ವರ್ (ಸೈಟ್ ಓಡಿಸುವ ಕಂಪ್ಯೂಟರ್) ಕೊಳ್ಳಬೇಕಿತ್ತು, ಯುಪಿಎಸ್ ಬೇಕಿತ್ತು, ಎಸಿ ಬೇಕಿತ್ತು, ಕೆಟ್ಟರೆ ನೋಡಲು ಒಬ್ಬರು ಬೇಕಿತ್ತು. 2006ರಲ್ಲಿ ಅಮೆಜಾನ್ ಎಸ್3 (ಫೈಲ್ ಇಡುವ ಜಾಗ), ಇಸಿ2 (ಸರ್ವರ್) ಸೇವೆಗಳನ್ನು ಶುರು ಮಾಡಿದ ಮೇಲೆ ಇದೆಲ್ಲ ಯಾರಿಗೆ ಬೇಕಾದರೂ ಬಾಡಿಗೆಗೆ ಸಿಗತೊಡಗಿತು. ದೀಪಾವಳಿಗೆ ನಾಲ್ಕು ಸರ್ವರ್ ಹಿಡಿದು, ಹಬ್ಬ ಮುಗಿದ ಕೂಡಲೇ ಮೂರನ್ನು ಬಿಟ್ಟುಬಿಡಬಹುದು. ಬಳಸಿದಷ್ಟಕ್ಕೆ ದುಡ್ಡು. ಕ್ಲೌಡ್ ಅಂದರೆ ಇದೇ.

ಮೊದಲು, ಯಾವ ಕೆಲಸ ನಿಮ್ಮದು, ಯಾವುದು ಕ್ಲೌಡ್ ಕಂಪನಿಯವರದು ಅಂತ ತೀರ್ಮಾನಿಸಿ. ಮದುವೆ ಛತ್ರದ ಲೆಕ್ಕವನ್ನೇ ನೆನಪಿಸಿಕೊಳ್ಳಿ. ಬರೀ ಛತ್ರ ಹಿಡಿದರೆ ಕಟ್ಟಡ, ನೀರು, ಕರೆಂಟು ಅವರದು, ಒಲೆ, ಪಾತ್ರೆ, ದಿನಸಿ, ಅಡುಗೆಯವರು ಎಲ್ಲ ನಮ್ಮದು. ಇದು ಇನ್‌ಫ್ರಾಸ್ಟ್ರಕ್ಚರ್ ಸೇವೆ, ಇಸಿ2 ಈ ಬಗೆಯದು. ಯಂತ್ರ ಅವರದಾದರೂ ಅದರೊಳಗಿನ ಆಪರೇಟಿಂಗ್ ಸಿಸ್ಟಂ ಅಪ್‌ಡೇಟ್ ಮಾಡುವುದು ನೀವೇ. ಒಲೆ, ಪಾತ್ರೆಯನ್ನೂ ಛತ್ರದವರೇ ಕೊಟ್ಟರೆ ಅದು ಪ್ಲಾಟ್‌ಫಾರ್ಮ್ ಸೇವೆ. 2008ರಲ್ಲಿ ಬಂದ ಗೂಗಲ್ ಆ್ಯಪ್ ಎಂಜಿನ್ ಇಂಥದ್ದು, ನಿಮ್ಮ ಕೋಡ್ ಕೊಟ್ಟರೆ ಓಡಿಸುತ್ತದೆ. ಇನ್ನು ಊಟದ ಕಾಂಟ್ರಾಕ್ಟೇ ಕೊಟ್ಟುಬಿಟ್ಟರೆ ನಾವು ಎಲೆ ಮುಂದೆ ಕೂತರಾಯಿತು. ಜಿಮೇಲ್, ಆನ್‌ಲೈನ್ ಅಂಗಡಿ ಸಿದ್ಧವಾಗಿ ಕೊಡುವ ಶಾಪಿಫೈ ಥರದ ಸಾಫ್ಟ್‌ವೇರ್ ಸೇವೆಗಳು ಹೀಗೆ.

ನಾನಂತೂ ಊಟದ ಕಾಂಟ್ರಾಕ್ಟಿನಿಂದಲೇ ಶುರು ಮಾಡಿ ಅನ್ನುತ್ತೇನೆ. ಸಿದ್ಧವಾಗಿ ಸಿಗುವುದರಲ್ಲೇ ಅಂಗಡಿ ನಡೆಯುತ್ತದೆ ಅಂದರೆ ಸುಮ್ನೆ ಸರ್ವರ್ ಯಾಕೆ? ಕೋಡ್ ಬರೆಯುವವರು ಜೊತೆಗಿದ್ದರೆ ಪ್ಲಾಟ್‌ಫಾರ್ಮ್. ರಾತ್ರಿ ಎರಡು ಗಂಟೆಗೆ ಸೈಟ್ ಬಿದ್ದರೂ ಎದ್ದು ನೋಡುವವರು ಇದ್ದರೆ ಮಾತ್ರ ಖಾಲಿ ಛತ್ರ.

ಆಮೇಲೆ ರೀಜನ್ ಆರಿಸಿ, ಅಂದರೆ ನೀವು ಹಿಡಿಯುವ ಸರ್ವರ್ ಯಾವ ಕಡೆಯ ಡೇಟಾ ಸೆಂಟರಿನಲ್ಲಿ ಇರಬೇಕು ಅಂತ. ಗಿರಾಕಿಗಳು ಕರ್ನಾಟಕದವರಾದರೆ ಮುಂಬೈ ಅಥವಾ ಹೈದರಾಬಾದ್ ಸಾಕು. ಅಮೆರಿಕದ ರೀಜನ್ ಹಾಗೇ ಬಿಟ್ಟರೆ ಪೇಜ್ ತೆರೆಯುವುದು ನಿಧಾನ.

ಮೂರನೆಯದು ಬಿಲ್, ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ಒಮ್ಮೆ ಏನೋ ಕಲಿಯಲೆಂದು ಸರ್ವರ್ ಹಿಡಿದಿದ್ದೆ, ಕೆಲಸ ಮುಗಿದ ಮೇಲೆ ಸ್ಟಾಪ್ ಒತ್ತಿದೆ. ಆದರೂ ಬಿಲ್ ಬಂತು. ತೆರೆದು ನೋಡಿದರೆ ಸರ್ವರ್ ಸಾಲಿನಲ್ಲಿ ಕೆಲವೇ ಗಂಟೆ, ಅದರ ಕೆಳಗಿನ ಸ್ಟೋರೇಜ್ ಸಾಲಿನಲ್ಲಿ ಇಡೀ ತಿಂಗಳು! ಸ್ಟಾಪ್ ಮಾಡಿದರೆ ಯಂತ್ರ ಮಾತ್ರ ನಿಲ್ಲುತ್ತದೆ, ಡಿಸ್ಕ್ ನಿಮ್ಮ ಹೆಸರಿನಲ್ಲೇ ಇರುತ್ತದೆ, ಅದಕ್ಕೆ ಬಾಡಿಗೆ ಓಡುತ್ತಲೇ ಇರುತ್ತದೆ. ಬೇಡವಾದ ಸರ್ವರನ್ನು ಡಿಲೀಟ್ ಮಾಡಿ, ಡಿಸ್ಕ್‌ಗಳ ಪಟ್ಟಿ ತೆರೆದು ಏನಾದರೂ ಉಳಿದಿದೆಯಾ ನೋಡಿ. ಖಾತೆ ತೆರೆದ ದಿನವೇ, ಖರ್ಚು ನೀವು ಹೇಳಿದ ಮಿತಿ ದಾಟಿದರೆ ತಿಳಿಸುವ ಬಜೆಟ್ ಅಲರ್ಟ್ ಹಾಕಿಕೊಳ್ಳಿ. ಆದರೆ ಅಲರ್ಟ್ ಮೇಲ್ ಕಳಿಸುತ್ತದೆ ಅಷ್ಟೇ, ತಾನಾಗಿ ಸರ್ವರ್ ನಿಲ್ಲಿಸುವುದಿಲ್ಲ. ಮೇಲ್ ಬಂದ ಕೂಡಲೇ ನೀವೇ ನೋಡಬೇಕು.

ಕೊನೆಗೆ ಸುರಕ್ಷತೆ. ಡೇಟಾ ಸೆಂಟರಿನ ಬಾಗಿಲು ಕಾಯುವುದು ಅವರ ಹೊಣೆ, ನಿಮ್ಮ ಪಾಸ್‌ವರ್ಡ್ ಕಾಯುವುದು ನಿಮ್ಮದೇ. ಎರಡು ಹಂತದ ಲಾಗಿನ್ ಆನ್ ಮಾಡಿ. ಗಿರಾಕಿಗಳ ವಿಳಾಸ, ಫೋನ್ ನಂಬರ್ ಇರುವ ಫೋಲ್ಡರ್ ಪಬ್ಲಿಕ್ ಆಗಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಬ್ಯಾಕಪ್ ತೆಗೆದು, ಅದನ್ನು ಒಂದು ಸಲ ವಾಪಸ್ ಹಾಕಿ ನೋಡಿ. ಆರ್ಡರ್ ಪಟ್ಟಿ ಸರಿಯಾಗಿ ತೆರೆದುಕೊಂಡರೆ ಅಂಗಡಿ ಬಾಗಿಲು ತೆಗೆಯಬಹುದು.